ಪಾರ್ಕ್ ಇರುವ ನದಿ, ಪಾರ್ಕ್ ಇಲ್ಲದ ನದಿ

ನಮ್ಮೂರು ಕುಮಟಾ ಅಂತ ಗೊತ್ತಾದ ಕೂಡಲೇ ಆಫೀಸಿನ ಗೆಳೆಯರು ಕೇಳೋದು ಒಂದೇ ಪ್ರಶ್ನೆ: "ಗೋಕರ್ಣ ಬಿಟ್ಟು ಬೇರೆ ಏನಿದೆ ಮಾರಾಯಾ? ಮಕ್ಕಳು ಚಿಕ್ಕವರು, ಸಮುದ್ರಕ್ಕೆ ಕರ್ಕೊಂಡು ಹೋಗೋಕೆ ಭಯ." ನ್ಯಾಯವಾದ ಪ್ರಶ್ನೆಯೇ. ನನ್ನ ಮಗಳಿಗೆ ಐದು ವರ್ಷ, ಮಗನಿಗೆ ಎರಡೂವರೆ. ಇಬ್ಬರೂ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ರಬ್ಬರ್ ನೆಲದ ಮೇಲೆ ಆಡಿಕೊಂಡು ಬೆಳೆಯುತ್ತಿರುವವರು. ಕೆಸರು ಅಂದರೆ ಅವರ ಪಾಲಿಗೆ "ಛೀ, ಕೊಳಕು".

ನಾನು ಹೇಳೋದು ಇಷ್ಟೇ: ಸಮುದ್ರಕ್ಕಿಂತ ಮೊದಲು ನದಿಗೆ ಹೋಗಿ. ಕುಮಟಾದಲ್ಲಿ ಉಳಿದುಕೊಂಡರೆ ಎರಡು ನದಿಗಳು ಕೈಗೆ ಸಿಗುತ್ತವೆ. ದಕ್ಷಿಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ಹೋದರೆ ಹೊನ್ನಾವರದ ಶರಾವತಿ. ಉತ್ತರಕ್ಕೆ, ಇನ್ನೂ ಹತ್ತಿರದಲ್ಲಿ, ಅಘನಾಶಿನಿ. ಕಳೆದ ಕ್ರಿಸ್ಮಸ್ ರಜೆಯಲ್ಲಿ ಎರಡಕ್ಕೂ ಒಂದೊಂದು ದಿನ ಕೊಟ್ಟೆವು.

ಮೊದಲ ದಿನ: ಶರಾವತಿ

ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಇಲ್ಲಿ ಅರಣ್ಯ ಇಲಾಖೆಯವರು ನದಿದಂಡೆಯ ಕಾಂಡ್ಲಾ ಕಾಡಿನೊಳಗೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ನಮ್ಮ ಕಡೆ ಮ್ಯಾಂಗ್ರೋವ್‌ಗೆ ಕಾಂಡ್ಲಾ ಅಂತಾರೆ. ಮಕ್ಕಳ ಕಾಲಿಗೆ ಕೆಸರು ತಾಗದ ಹಾಗೆ, ನೀರಿನ ಮೇಲೆಯೇ ನಡೆದು ಕಾಡು ನೋಡಬಹುದು. ಕಾಡು ಮುಗಿಸಿ ಹತ್ತಿರದ ಇಕೋ ಬೀಚ್‌ಗೆ ಹೋದರೆ ಮಕ್ಕಳಿಗೆ ಆಡಲು ಜಾಗವಿದೆ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದೇಶದ ಮೊದಲ ಎಂಟು ಕಡಲತೀರಗಳಲ್ಲಿ ಇದೂ ಒಂದು.

ನನ್ನ ಸಲಹೆ ಅಂದರೆ, ಕಾಂಡ್ಲಾ ದಾರಿಗೆ ಒಂದೇ ದಿನ ಎರಡು ಸಲ ಹೋಗಿ. ನಾವು ಹೋದದ್ದು ಅಮಾವಾಸ್ಯೆಯ ಆಸುಪಾಸಿನಲ್ಲಿ. ಹನ್ನೊಂದರ ಹೊತ್ತಿಗೆ ಭರತ. ಮರಗಳೆಲ್ಲ ಸೊಂಟದವರೆಗೆ ನೀರಲ್ಲಿ ನಿಂತಿದ್ದವು. ಊಟ, ಆಟ ಮುಗಿಸಿ ನಾಲ್ಕೂವರೆಗೆ ವಾಪಸ್ ಬಂದರೆ ನೀರು ಇಳಿದು ಬರೀ ಕೆಸರು. ಮಗಳು ಕಟಕಟೆ ಹಿಡಿದು ನಿಂತೇಬಿಟ್ಟಳು. "ಅಪ್ಪಾ, ಟ್ಯಾಂಕ್ ಖಾಲಿ ಆಯ್ತಾ?"

ಚಂದ್ರ ನೀರನ್ನ ಎಳೀತಾನೆ, ದಿನಕ್ಕೆ ಎರಡು ಸಲ ಏರತ್ತೆ, ಎರಡು ಸಲ ಇಳಿಯತ್ತೆ ಅಂತ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆದರೆ ಕೆಸರಿನಲ್ಲಿ ಕಂಡದ್ದಕ್ಕೆ ವಿವರಣೆ ಬೇಕಿರಲಿಲ್ಲ. ಒಂದೇ ಕೈ ದೊಡ್ಡದಿರುವ ಪುಟಾಣಿ ಏಡಿಗಳು ಆ ಕೈ ಬೀಸಿ ಬೀಸಿ ಕರೆಯುತ್ತಿದ್ದವು (ದೊಡ್ಡ ಕೈ ಇರುವುದು ಗಂಡಿಗೆ ಮಾತ್ರ). ನೀರು ಬಿಟ್ಟು ಕೆಸರ ಮೇಲೆ ಕುಪ್ಪಳಿಸುವ ಮೀನು ಕಂಡು ಮಗ ಕೂಗಿದ್ದು ಇಡೀ ಕಾಡಿಗೆ ಕೇಳಿರಬೇಕು. ಮರದಲ್ಲಿ ನುಗ್ಗೇಕಾಯಿಯ ಹಾಗೆ ಜೋತಾಡುವ ಹಸಿರು ಕೋಲುಗಳನ್ನೂ ತೋರಿಸಿ. ಕಾಂಡ್ಲಾದ ಬೀಜ ಮರದಲ್ಲಿ ಇರುವಾಗಲೇ ಮೊಳೆತು ಸಸಿಯಾಗುತ್ತದೆ, ಆಮೇಲೆ ಉದುರಿ ಕೆಸರಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಇಲ್ಲವೇ ತೇಲಿಕೊಂಡು ಬೇರೆ ದಡ ಸೇರುತ್ತದೆ.

ಎರಡನೇ ದಿನ: ಅಘನಾಶಿನಿ

ಇಲ್ಲಿ ಹಲಗೆಯ ದಾರಿ ಇಲ್ಲ, ಜಾರುಬಂಡಿ ಇಲ್ಲ. ಅಘನಾಶಿನಿ ಊರಿನ ಕಡೆ ಹೋದರೆ ತದಡಿಗೆ ದಾಟುವ ದೋಣಿ ಸಿಗುತ್ತದೆ. ಮಕ್ಕಳಿಗೆ ಆ ದೋಣಿಯೇ ದೊಡ್ಡ ರೈಡು. ಆಚೆ ಈಚೆ ಹೋಗಿ ಬಂದು, ಸಂಜೆ ಇಳಿತದ ಹೊತ್ತಿಗೆ ದಂಡೆಗೆ ಹೋದೆವು.

ನೀರು ಸರಿದ ಜಾಗದಲ್ಲಿ ಹೆಂಗಸರು ಬಗ್ಗಿ ಬಳಚು ಆರಿಸುತ್ತಿದ್ದರು. ಮರಳು-ಕೆಸರಲ್ಲಿ ಹುದುಗಿರುವ ಚಿಪ್ಪುಗಳನ್ನು ಅವರು ಕಣ್ಣಿಂದಲ್ಲ, ಕೈಕಾಲಿನ ಬೆರಳಿಂದ ಹುಡುಕುತ್ತಾರೆ. ದಂಡೆಯ ಹತ್ತಿರವಿದ್ದ ಒಬ್ಬರು ಮಗಳನ್ನು ಕರೆದರು. "ಬಾ ತಂಗೀ, ಕೈ ಹಾಕು. ಎಂತದೂ ಆಗೂದಿಲ್ಲ." ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಮೊದಲು ಒಂದು ಬೆರಳು, ಆಮೇಲೆ ಮೊಣಕೈವರೆಗೆ. ಸಿಕ್ಕ ಚಿಪ್ಪು ಚಿಕ್ಕದಿತ್ತು. "ಅದನ್ನ ಅಲ್ಲೇ ಬಿಡು, ದೊಡ್ಡದಾಗ್ಲಿ" ಅಂದರು ಅವರು. ಎರಡು ದಿನಗಳಲ್ಲಿ ಮಗಳು ಹೇಳಿದ್ದನ್ನು ತಕರಾರಿಲ್ಲದೆ ಕೇಳಿದ್ದು ಅದೊಂದೇ ಸಲ!

ಇದೇ ನೀರು ಗದ್ದೆಗೂ ಹೋಗುತ್ತದೆ. ಮಾಣಿಕಟ್ಟಾ ಕಡೆಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಜಾಗದಲ್ಲಿ ಸಿಗಡಿ, ಮೀನು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಎರಡು ನದಿ, ಒಂದು ವ್ಯತ್ಯಾಸ

ಅವತ್ತು ರಾತ್ರಿ ಮಗಳು ಕೇಳಿದಳು, "ನಿನ್ನೆ ನದಿಯಲ್ಲಿ ಆಂಟಿಯರು ಯಾಕೆ ಇರ್ಲಿಲ್ಲ?"

ಉತ್ತರ ಘಟ್ಟದ ಮೇಲಿದೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯುತ್ತದೆ, ಅಳಿವೆಯ ಉಪ್ಪು ಕಡಿಮೆಯಾಗುತ್ತದೆ. ಬಳಚಿಗೆ ಉಪ್ಪು ಬೇಕು. ಶರಾವತಿ ಅಳಿವೆಯಲ್ಲಿ ಚಿಪ್ಪುಗಳು ಕುಗ್ಗಿದ್ದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಕೊಟ್ಟ ಕಾರಣ ಇದೇ. ಅಘನಾಶಿನಿ ಹಾಗಲ್ಲ. ಶಿರಸಿ ಕಡೆಯಿಂದ ಹೊರಟು, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಯಾವುದೂ ಇಲ್ಲದೆ ಕಡಲು ಸೇರುತ್ತದೆ. ಮಳೆಗಾಲಕ್ಕೆ ಸಿಹಿ, ಬೇಸಿಗೆಗೆ ಉಪ್ಪು, ಅದರದೇ ಲೆಕ್ಕದಲ್ಲಿ.

ಶರಾವತಿಯ ಕರೆಂಟು ದಶಕಗಳಿಂದ ಇಡೀ ರಾಜ್ಯಕ್ಕೆ ಬೆಳಕು ಕೊಟ್ಟಿದೆ. ನನ್ನಂಥವರ ಲ್ಯಾಪ್‌ಟಾಪೂ ಅದರಲ್ಲೇ ನಡೆಯೋದು. ಹಾಗಾಗಿ ಅಣೆಕಟ್ಟು ಬೇಡವಿತ್ತು ಅಂತ ಸಲೀಸಾಗಿ ಹೇಳಲಾರೆ. ಆದರೆ ಈಗ ಅಘನಾಶಿನಿಯ ನೀರನ್ನು ಬಯಲುಸೀಮೆಯ ವೇದಾವತಿಗೆ ಒಯ್ಯುವ ಪ್ರಸ್ತಾಪ ಸುದ್ದಿಯಲ್ಲಿದೆ, ಉತ್ತರ ಕನ್ನಡದಲ್ಲಿ ವಿರೋಧವೂ ಇದೆ. ಆ ಚರ್ಚೆಯಲ್ಲಿ ಪದೇ ಪದೇ ಕೇಳುವ ಮಾತು "ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುವ ನೀರು". ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಇಳಿತದ ಹೊತ್ತಿಗೆ ಒಂದು ಸಂಜೆ ಈ ದಂಡೆಯಲ್ಲಿ ನಿಂತವರಿಗೆ "ವ್ಯರ್ಥ" ಅನ್ನೋ ಪದ ಬಾಯಿಗೆ ಬರೋದು ಕಷ್ಟ. ಮಕ್ಕಳನ್ನು ಎರಡೂ ನದಿಗೆ ಕರ್ಕೊಂಡು ಹೋಗಿ ಅಂತ ನಾನು ಒತ್ತಾಯ ಮಾಡೋದು ಇದಕ್ಕೇ.

ಹೊರಡುವ ಮುನ್ನ

- ಗಡಿಯಾರಕ್ಕಿಂತ ಭರತ-ಇಳಿತದ ಸಮಯ ನೋಡಿ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ನೀರಿನ ಏರಿಳಿತ ಜಾಸ್ತಿ.
- ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಮಕ್ಕಳ ಜೊತೆ ನದಿದಂಡೆಗೆ ಇಳಿಯಬೇಡಿ.
- ಕೆಸರು ಎಲ್ಲಾ ಕಡೆ ಒಂದೇ ಥರ ಇರೋದಿಲ್ಲ, ಕೆಲವೆಡೆ ಕಾಲು ಹೂತುಹೋಗುತ್ತದೆ. ಊರಿನವರನ್ನು ಕೇಳದೆ ಇಳಿಯಬೇಡಿ. ನೀರು ಏರಲು ಶುರುವಾದ ಕೂಡಲೇ ದಡಕ್ಕೆ ಬನ್ನಿ.
- ಹಿಂದೆ ಪಟ್ಟಿ ಇರುವ ಹಳೇ ಚಪ್ಪಲಿ ಹಾಕಿಸಿ. ಪಟ್ಟಿ ಇಲ್ಲದ ಮಗನ ಚಪ್ಪಲಿಯನ್ನು ಕೆಸರಿಂದ ಎಳೆದು ತೆಗೆಯಲು ನಮಗೆ ಐದು ನಿಮಿಷ ಬೇಕಾಯಿತು.
- ಕಾಂಡ್ಲಾ ಕಾಡಿನಲ್ಲಿ ಎಲೆ ಕೀಳಲು ಬಿಡಬೇಡಿ. ಅಲ್ಲಿ ಬೆಳೆಯುವ ಒಂದು ಜಾತಿಯ ಮರದ ಹಾಲು ಕಣ್ಣಿಗೆ ಅಪಾಯ.
- ಒಂದು ಜೊತೆ ಬಟ್ಟೆ ಹೆಚ್ಚಿಗೆ ಇಟ್ಟುಕೊಳ್ಳಿ. ನಿಮಗೂ ಸೇರಿಸಿ.