ಸುರಿಯೋ ಕೈಯದ್ದಲ್ಲ ತಪ್ಪು

ಬಿಇ ಕೊನೇ ವರ್ಷದ ಪ್ರಾಜೆಕ್ಟ್‌ಗೆ ಅಂತ ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಗೆ ಹೋಗ್ತಿದ್ದೆ. ಅಲ್ಲಿ ಅಲ್ಯೂಮಿನಿಯಂ ಪಂಪ್ ಬಾಡಿ ಎರಕ ಹೊಯ್ಯುತ್ತಿದ್ದರು. ನೋಡೋಕೆ ನುಣ್ಣಗೆ, ಚೆಂದ. ಪ್ರೆಷರ್ ಟೆಸ್ಟ್‌ಗೆ ಇಟ್ಟರೆ ಮಾತ್ರ ನೀರೊಳಗೆ ಗುಳ್ಳೆ ಗುಳ್ಳೆ. ಲೀಕ್!

ಕಾರಣ ಹುಡುಕೋದು ನನ್ನ ಕೆಲಸ. ಎರಡು ವಾರ ನೋಡಿ, "ಲೋಹ ಸುರಿಯುವವರ ಅಜಾಗರೂಕತೆ" ಅಂತ ಬರೆದುಕೊಟ್ಟೆ. ಮರುದಿನವೇ ಲ್ಯಾಡಲ್ ಹಿಡಿಯುತ್ತಿದ್ದ ಕಾಕಾನನ್ನು ಮರಳು ಜರಡಿ ಹಿಡಿಯೋಕೆ ಹಾಕಿದರು. ಕೂಲಿಯೂ ಕಮ್ಮಿಯಾಯಿತು. ಬೇರೆಯವರು ಸುರಿದರು, ಲೀಕ್ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕಾಕಾನೇ ಕರೆದರು.

"ತಮ್ಮಾ, ನಿಮ್ಮನ್ಯಾಗ ಎಮ್ಮಿ ಅದಾವೇನು?"

"ಅದಾವ್ರಿ ಕಾಕಾ."

"ನಿಮ್ಮಪ್ಪ ಡೈರಿ ಕ್ಯಾನಿಗೆ ಹಾಲು ಹೆಂಗ ಹಾಕ್ತಾರ?"

ಅಂಚಿಗೆ ತಾಗಿಸಿ, ಮೆಲ್ಲಗೆ. ಎತ್ತರದಿಂದ ಸುರಿದರೆ ಬರೀ ನೊರೆ.

"ಹಂಗಾರ ಇದರಾಗ ಏನ್ ನಡದೈತಿ ನೋಡು" ಅಂತ ಅಚ್ಚಿನ ಗೇಟ್ ತೋರಿಸಿದರು. ಆಮೇಲೆ ಕತ್ತರಿಸೋ ಕೆಲಸ ಉಳಿಯಲಿ ಅಂತ ಅದನ್ನು ತೀರಾ ಕಿರಿದು ಮಾಡಿದ್ದರು. ಪೈಪಿನ ಬಾಯಿಗೆ ಬೆರಳು ಒತ್ತಿದರೆ ನೀರು ಚಿಮ್ಮುತ್ತಲ್ಲ, ಹಾಗೆ ಲೋಹ ಒಳಗೆ ಚಿಮ್ಮುತ್ತಿತ್ತು.

ಕರಗಿದ ಅಲ್ಯೂಮಿನಿಯಂಗೆ ಗಾಳಿ ತಾಕಿದ ಕೂಡಲೇ ಮೇಲೆ ಕೆನೆಯಂಥ ಆಕ್ಸೈಡ್ ಪದರ ಕಟ್ಟುತ್ತೆ. ಲೋಹ ಶಾಂತವಾಗಿ ಏರಿದರೆ ಅದು ಮೇಲೆಯೇ ಉಳಿಯುತ್ತೆ. ಅಲೆಯೆದ್ದು ಮಗುಚಿದರೆ ಮಡಚಿಕೊಂಡು ಒಳಗೆ ಸೇರುತ್ತೆ. ಮಡಿಕೆಯ ಎರಡು ಒಣ ಮೈಗಳು ಒಂದಕ್ಕೊಂದು ಅಂಟೋದಿಲ್ಲ. ಲೋಹ ಕರಗೋದು 660 ಡಿಗ್ರಿಗೆ, ಆ ಪದರ ಕರಗೋಕೆ 2,000ಕ್ಕೂ ಮೇಲೆ ಬೇಕು. ಅಂದರೆ ಎರಕ ಗಟ್ಟಿಯಾಗೋ ಮೊದಲೇ ಒಳಗೆ ಬಿರುಕು ತಯಾರು. ಬ್ರಿಟನ್ನಿನ ಜಾನ್ ಕ್ಯಾಂಪ್‌ಬೆಲ್ ಇದನ್ನು ಬೈಫಿಲ್ಮ್ ಅಂದರು. ಗೇಟ್‌ನಲ್ಲಿ ವೇಗ ಸೆಕೆಂಡಿಗೆ ಸುಮಾರು 0.5 ಮೀಟರ್ ದಾಟಬಾರದು ಅನ್ನೋದು ಅವರ ಲೆಕ್ಕ. ಬರೀ 13 ಮಿಲಿಮೀಟರ್ ಬಿದ್ದರೂ ಲೋಹಕ್ಕೆ ಆ ವೇಗ ಬಂದುಬಿಡುತ್ತೆ. ನಮ್ಮ ಅಚ್ಚಿನ ಸುರಿಕೊಳವೆಯೇ 20 ಸೆಂಟಿಮೀಟರ್ ಇತ್ತು! ತಳ ಮುಟ್ಟುವಾಗ ಸೆಕೆಂಡಿಗೆ ಸುಮಾರು 2 ಮೀಟರ್. ಯಾರ ಕೈ ಎಷ್ಟು ಹುಷಾರಾಗಿದ್ದರೆ ಏನು?

ಗೇಟ್ ಅಗಲ ಮಾಡಿ, ಲೋಹ ಕೆಳಗಿನಿಂದ ಏರುವಂತೆ ಮಾಡಿ, ದಾರಿಯಲ್ಲಿ ಫಿಲ್ಟರ್ ಇಟ್ಟರು. ಲೀಕ್ ಕಮ್ಮಿಯಾಯಿತು. ಕಾಕಾ ಲ್ಯಾಡಲ್‌ಗೆ ವಾಪಸ್ ಬಂದರು. ಹೋದ ಕೂಲಿಯನ್ನು ಯಾರೂ ಕೊಡಲಿಲ್ಲ. ನಾನು ರಿಪೋರ್ಟ್‌ನಲ್ಲಿ "ಗೇಟ್ ವಿನ್ಯಾಸದ ದೋಷ" ಅಂತ ತಿದ್ದಿದೆ. ಅದನ್ನು ತೋರಿಸಿಕೊಟ್ಟವರು ಯಾರು ಅಂತ ಬರೆಯಲಿಲ್ಲ. ಮಾರ್ಕ್ಸ್ ನನಗೇ ಬಂತು.

ಈಗ ಬೆಂಗಳೂರಲ್ಲಿ ಕೋಡ್ ಬರೀತೀನಿ. ಹೋದ ತಿಂಗಳು ರಾತ್ರಿ ರಿಲೀಸ್‌ನಲ್ಲಿ ಸರ್ವರ್ ಬಿತ್ತು. ಬಟನ್ ಒತ್ತಿದ್ದು ಹೊಸ ಹುಡುಗ. 'ಕಾರಣ' ಅನ್ನೋ ಜಾಗದಲ್ಲಿ 'ಹ್ಯೂಮನ್ ಎರರ್' ಅಂತ ಟೈಪ್ ಮಾಡಿದ್ದೆ. ಅಳಿಸಿದೆ. ಅವನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡೆ.

"ಒತ್ತೋ ಮುಂಚೆ ನಿನ್ನ ಸ್ಕ್ರೀನಲ್ಲಿ ಏನು ಕಾಣಿಸ್ತಿತ್ತು, ತೋರಿಸು."