ಹಣ್ಣಾದ ಹುಳು

ಪೆರೇಸಂದ್ರದ ಬಳಿಯಿರುವ ನಮ್ಮಣ್ಣನ ಮನೆಯಲ್ಲಿ, ರೇಷ್ಮೆಹುಳುಗಳು ಪೊರೆ ಕಳಚುವ ನಾಲ್ಕನೆಯ ಜ್ವರದಿಂದ ಎದ್ದು ಹಗಲಿರುಳೆನ್ನದೆ ಸೊಪ್ಪು ಮೇಯುವ ಆ ಕೊನೆಯ ವಾರದಲ್ಲಿ, ಹುಳುಮನೆಯ ಬಾಗಿಲಲ್ಲಿ ನಿಂತವನಿಗೆ ಒಳಗೆ ಸೋನೆಮಳೆ ಹಿಡಿದಿದೆಯೋ ಎಂಬಂತಹ ಸದ್ದು ಕೇಳಿಸುತ್ತದೆ. ಆ ಸದ್ದಿಗೆ ಮನಸೋತು, ಯಾರೂ ಕರೆಯದಿದ್ದರೂ, ಅಣ್ಣನ ಆರು ವರ್ಷದ ಮಗಳು ಹಿಪ್ಪುನೇರಳೆಯ ಸೊಪ್ಪನ್ನು ಮಡಿಲಲ್ಲಿ ತುಂಬಿ ತಂದು ತಟ್ಟೆಗಳ ಮೇಲೆ ಹರಡುತ್ತಿದ್ದಳು. ಆ ಶ್ರದ್ಧೆಗೆ ಸಂತೋಷಪಟ್ಟ ನಾನು ಮಡಿಲಿಗೊಂದು ರೂಪಾಯಿಯಂತೆ ಕೊಡುವೆನೆಂದು ಮಾತುಕೊಟ್ಟೆನು. ಮೂರು ದಿನ ಕಾಸು ಅವಳ ಕೈಸೇರಿತು. ನಾಲ್ಕನೆಯ ದಿನ ನನ್ನ ಜೇಬಿನಲ್ಲಿ ಚಿಲ್ಲರೆಯಿರಲಿಲ್ಲ. “ಹಾಗಾದ್ರೆ ಇವತ್ತು ಸೊಪ್ಪು ತರಲ್ಲ, ಚಿಕ್ಕಪ್ಪ” ಎಂದು ಮಗು ಜಗಲಿಯ ಮೇಲೆ ಕುಳಿತುಬಿಟ್ಟಿತು.

ಮಗು ಹೀಗೆ ಬದಲಾದುದರ ಕಾರಣವು ನನಗೆ ಸ್ಪಷ್ಟವಾದದ್ದು, ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದಾಗ. ಅಮೆರಿಕೆಯ ಸ್ಟ್ಯಾನ್‌ಫರ್ಡಿನ ಶಿಶುವಿಹಾರದಲ್ಲಿ, ಚಿತ್ರ ಬರೆಯುವುದೆಂದರೆ ತಾವಾಗಿಯೇ ಹಿಗ್ಗುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಲಾಯಿತು. ಕೆಲವರಿಗೆ ಹೇಳದೆಯೇ ಕೊಡಲಾಯಿತು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರ ಕಳೆದ ಮೇಲೆ ಬಣ್ಣದ ಲೇಖನಿಗಳನ್ನು ಮತ್ತೆ ಮುಂದಿಟ್ಟಾಗ, ಬಹುಮಾನವನ್ನು ನಿರೀಕ್ಷಿಸಿ ಬರೆದಿದ್ದ ಮಕ್ಕಳು ಉಳಿದವರು ವ್ಯಯಿಸಿದ ಕಾಲದ ಅರ್ಧದಷ್ಟನ್ನು ಮಾತ್ರ ಅದಕ್ಕೆ ಕೊಟ್ಟರು. ಕೆಡಿಸಿದ್ದು ಬಹುಮಾನವಲ್ಲ, ಕರಾರು. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ವಿದ್ವಾಂಸರು ದಶಕಗಳ ಸಂಶೋಧನೆಯಿಂದ ಪ್ರತಿಪಾದಿಸಿದ್ದೂ ಇದಕ್ಕೆ ಸಮೀಪವಾದುದೇ: ದೇಹಕ್ಕೆ ಅನ್ನವಿರುವಂತೆ ಮನಸ್ಸಿಗೂ ಮೂರು ಆಹಾರಗಳಿವೆ; ತಾನಾಗಿ ಒಪ್ಪಿ ಮಾಡುವ ಸ್ವಾತಂತ್ರ್ಯ, ಕೈಗೆ ಕೆಲಸ ಒಲಿಯಿತೆಂಬ ಸಾಮರ್ಥ್ಯ, ತನ್ನವರ ನಡುವೆ ತನಗೊಂದು ಎಡೆಯಿದೆಯೆಂಬ ಬಾಂಧವ್ಯ.

ಇದರಿಂದ ಕೂಲಿ ಬೇಡವೆಂದಾಗಲಿ, ಬೆಲೆ ಬೇಡವೆಂದಾಗಲಿ ಅರ್ಥವಲ್ಲ. ಗೂಡಿನ ಬೆಲೆ ಬಿದ್ದ ದಿನ ಶಿಡ್ಲಘಟ್ಟದ ಮಾರುಕಟ್ಟೆಯಿಂದ ಸೋತ ಮೋರೆಯಲ್ಲಿ ಮರಳುವ ರೈತನಿಗೆ ದುಡಿಮೆಯ ಆನಂದವನ್ನು ಉಪದೇಶಿಸುವುದು ಕ್ರೌರ್ಯವೇ ಸರಿ. ಹೊಟ್ಟೆಗೆ ಸಲ್ಲಬೇಕಾದುದು ಸಲ್ಲಲೇಬೇಕು. ಆದರೆ ಅದು ಸಂದೊಡನೆ ಮನುಷ್ಯನಿಗೆ ಸಲ್ಲಬೇಕಾದುದೆಲ್ಲ ಸಂದಿತೆಂದು ಬಗೆಯುವುದೇ ದೋಷ.

ಅತ್ತಿಗೆ ಈ ಶಾಸ್ತ್ರವನ್ನು ಓದಿದವರಲ್ಲ. ಅವರು ಮಗುವನ್ನು ಗದರಲಿಲ್ಲ, ಪುಸಲಾಯಿಸಲೂ ಇಲ್ಲ. ಮೂಲೆಯದೊಂದು ತಟ್ಟೆಯನ್ನು ತೋರಿಸಿ, “ಇದು ನಿಂದು, ನೀನೇ ನೋಡ್ಕೊ” ಎಂದಷ್ಟೇ ಹೇಳಿದರು. ಎರಡು ದಿನ ಕಳೆದು, ಮುಯ್ಯಾಳಾಗಿ ಬಂದ ನೆರೆಯ ಹೆಂಗಸರು ಗೂಡು ಕಟ್ಟಲು ಹಣ್ಣಾದ ಹುಳುಗಳನ್ನು ಬಿಡುವ ಚಂದ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದಾಗ, ಮಗು ತನ್ನ ತಟ್ಟೆಯಿಂದ ಹುಳುವೊಂದನ್ನೆತ್ತಿ, “ಇದು ಹಣ್ಣಾಗಿದೆ” ಎಂದಿತು. ಅವರಲ್ಲಿ ಹಿರಿಯಳಾದ ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಜೇನಿನಂತೆ ಹೊಳೆಯುವ ಮೈಯನ್ನು ದಿಟ್ಟಿಸಿ, “ಹೌದು ಕಣವ್ವ” ಎಂದು ಸರಿದು ತನ್ನ ಪಕ್ಕದಲ್ಲಿ ಜಾಗ ಬಿಟ್ಟಳು. ದೀಪ ಹಚ್ಚುವವರೆಗೂ ಮಗು ಅಲ್ಲಿಂದ ಏಳಲಿಲ್ಲ. ಅಂದು ನನ್ನ ಜೇಬಿನಲ್ಲಿ ಚಿಲ್ಲರೆಯಿತ್ತು. ಅದನ್ನು ಯಾರೂ ಕೇಳಲಿಲ್ಲ.