ಎಲೆಯಡಿಕೆಯ ಹರಿವಾಣ

ಈ ಸಲದ ಆಟಿ ತಿಂಗಳಲ್ಲಿ ಮಳೆ ಮೂರು ದಿನ ಬಿಡದೆ ಹೊಡೆಯಿತು. ತೋಟಕ್ಕೆ ಇಳಿಯುವ ಹಾಗಿಲ್ಲ, ಪೇಟೆಗೆ ಹೋಗುವ ಮನಸ್ಸಿಲ್ಲ. ಅಂಥ ಒಂದು ಮಧ್ಯಾಹ್ನ ತಂಗಿಯ ಮಗಳು ಮಂಗಳೂರಿನಿಂದ ಬಂದು, ಕೊಡೆ ಮಡಚಿ ಜಗಲಿಯ ಮೂಲೆಗೆ ಒರಗಿಸಿದಳು. ಇಂಜಿನಿಯರಿಂಗಿನ ಕೊನೆಯ ವರ್ಷದ ಹುಡುಗಿ. ಬೆಲ್ಲ ಕಚ್ಚಿ ನೀರು ಕುಡಿದದ್ದೇ ಕೇಳಿದಳು: “ಮಾವ, ಮುಂದಿನ ವಾರ ಕಾಲೇಜಿಗೆ ಕಂಪೆನಿಯವರು ಬರ್ತಾರೆ. ಮೊದಲು ಗ್ರೂಪ್ ಡಿಸ್ಕಶನ್ ಉಂಟು. 10 ಜನರನ್ನು ಕೂರಿಸಿ ಒಂದು ವಿಷಯ ಕೊಡ್ತಾರೆ, 15 ನಿಮಿಷ. ಅದರಲ್ಲಿ ಚಂದ ಮಾಡಿ ಮಾತಾಡುವುದು ಹೇಗೆ?”

ಮೊದಲು ಬಾಯಿ ತೆರೆದವರಿಗೆ ಮಾರ್ಕು ಜಾಸ್ತಿ ಎಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದರಂತೆ. ಅದಕ್ಕೆ ಹುಡುಗಿ ಆರಂಭದ ನಾಲ್ಕು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು, ವಿಷಯ ಯಾವುದೇ ಬರಲಿ ಸಲ್ಲುವಂಥ ವಾಕ್ಯಗಳು. ನನಗೆ ಕರುಳು ಚುರುಕ್ಕೆಂದಿತು. ವಿಷಯ ಗೊತ್ತಾಗುವ ಮೊದಲೇ ಸಿದ್ಧವಾದ ಮಾತು ಎಂದರೆ ಮದುಮಗ ಯಾರೆಂದು ಗೊತ್ತಾಗುವ ಮೊದಲೇ ಹೊಲಿಸಿಟ್ಟ ಅಂಗಿಯಲ್ಲವೇ? ಯಾರ ಮೈಗೆ ಕೂತೀತು?

ಸರಿ, ಮೊದಲು ಲೆಕ್ಕ ಹಾಕೋಣ ಎಂದೆ. 10 ಜನ, 15 ನಿಮಿಷ. ನ್ಯಾಯವಾಗಿ ಹಂಚಿದರೆ ತಲೆಗೆ ಒಂದೂವರೆ ನಿಮಿಷ. ಉಳಿದ ಹದಿಮೂರೂವರೆ ನಿಮಿಷ ಏನು ಮಾಡುತ್ತೀ ಮಗಳೇ? ಅವಳು ಸುಮ್ಮನಾದಳು. ಒಂದೂವರೆ ನಿಮಿಷಕ್ಕೆ ತಿಂಗಳುಗಟ್ಟಲೆ ತಯಾರಿ, ಹದಿಮೂರೂವರೆ ನಿಮಿಷಕ್ಕೆ ಏನೂ ಇಲ್ಲ! ಪರೀಕ್ಷೆಯ ದೊಡ್ಡ ಪಾಲು ಇರುವುದು ಕೇಳಿಸಿಕೊಳ್ಳುವುದರಲ್ಲಿ. ಇದು ನನ್ನ ಗಟ್ಟಿ ನಂಬಿಕೆ. ಆದರೆ ಕೇಳಿಸಿಕೊಳ್ಳುವುದನ್ನು ಕಲಿಸುವ ಶಾಲೆ ಎಲ್ಲಿದೆ?

ಇದೆ, ಅಥವಾ ಇತ್ತು ಎನ್ನೋಣ. ನಮ್ಮ ಜಗಲಿಯಲ್ಲೇ ಇತ್ತು. ನೀವು ಹಳೆಯ ಮನೆಗಳ ಜಗಲಿಯಲ್ಲಿ ಪಟ್ಟಾಂಗಕ್ಕೆ ಕೂತವರಾದರೆ ಅದನ್ನು ನೋಡಿಯೇ ಇರುತ್ತೀರಿ. ಹಿತ್ತಾಳೆಯ ಹರಿವಾಣ, ಅದರಲ್ಲಿ ವೀಳ್ಯದೆಲೆ, ಹೋಳಡಿಕೆ, ಸುಣ್ಣದ ಡಬ್ಬಿ. ನಮ್ಮ ಅಜ್ಜ ಅದನ್ನು ಯಾರ ಕಡೆ ತಳ್ಳುತ್ತಿದ್ದರು ಎಂಬುದನ್ನು ನಾನು ಚಿಕ್ಕಂದಿನಲ್ಲಿ ಗಮನಿಸಿ ನೋಡಿದ್ದೇನೆ. ಒಬ್ಬರು ತುಂಬ ಹೊತ್ತಿನಿಂದ ಮಾತಾಡುತ್ತಿದ್ದಾರೆ ಅನ್ನಿ. ಅಜ್ಜ ಏನೂ ಹೇಳುತ್ತಿರಲಿಲ್ಲ, ಹರಿವಾಣವನ್ನು ಅವರ ಮುಂದಕ್ಕೆ ಮೆಲ್ಲನೆ ಸರಿಸುತ್ತಿದ್ದರು. ಅವರು ಎಲೆಯ ತೊಟ್ಟು ಮುರಿದು, ನಾರು ತೆಗೆದು, ಸುಣ್ಣ ಸವರಿ, ಮಡಚಿ ಬಾಯಿಗಿಟ್ಟುಕೊಳ್ಳುವಷ್ಟರಲ್ಲಿ ಮಾತು ಇನ್ನೊಬ್ಬರ ಕೈಗೆ ಹೋಗಿರುತ್ತಿತ್ತು. ಬಾಯಿ ತುಂಬ ರಸ ಇದ್ದವರು ಮಾತಾಡುವುದು ಹೇಗೆ? “ಹ್ಞೂಂ, ಹ್ಞೂಂ” ಎನ್ನಬೇಕು, ತಲೆಯಾಡಿಸಬೇಕು, ಕೇಳಬೇಕು. ಅಂಗಳದ ಬದಿಗೆ ಹೋಗಿ ಉಗಿದು ಬರುವವರೆಗೆ ಇನ್ನೊಬ್ಬರ ಸರದಿ. ಯಾರ ಮನಸ್ಸಿಗೂ ನೋವಾಗದ ಹಾಗೆ ಸಭೆ ನಡೆಸುವ ಇಂಥ ಉಪಾಯ ಬೇರೆಲ್ಲಾದರೂ ಉಂಟೇ?

ಅಡಿಕೆಯ ಮಾತು ಬಂತಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮಳೆಗಾಲದ ಜಗಲಿ ಎಂದ ಮೇಲೆ ತಾಳಮದ್ದಳೆಯನ್ನು ಬಿಟ್ಟು ಮುಂದೆ ಹೋಗುವುದು ಸಾಧ್ಯವೇ? ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ಶುರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಆಗಿಂದಾಗಲೇ ಮಾತಾಗಿ ಬೆಳೆಸುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಪದ್ಯ ಮಾತ್ರ ಇರುತ್ತದೆ, ಸಂಭಾಷಣೆ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆ ರಾಮದಾಸ ಸಾಮಗರು, ದೇರಾಜೆ ಸೀತಾರಾಮಯ್ಯನವರು, ಹೀಗೆ ಈ ಕಲೆಯನ್ನು ಬೆಳೆಸಿದವರ ಹೆಸರು ಹೇಳುವಾಗ ನಮ್ಮ ಕಡೆಯ ಹಿರಿಯರು ಇವತ್ತಿಗೂ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ನಾಟಿ ಬಿದ್ದ ವಾಲಿ ರಾಮನನ್ನು ಕೇಳಬೇಕು: ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ಕಥೆ ಎಲ್ಲರಿಗೂ ಗೊತ್ತು. ವಾಲಿ ಎಷ್ಟೇ ಗಟ್ಟಿಯಾಗಿ ವಾದಿಸಿದರೂ ಕೊನೆಗೆ ರಾಮನಿಗೆ ತಲೆಬಾಗಲೇಬೇಕು, ಪದ್ಯ ಹಾಗೇ ಇದೆ. ಹಾಗಾದರೆ ವಾದ ಮಾಡುವುದು ಯಾಕೆ? ಯಾಕೆಂದರೆ ವಾಲಿಯ ಪ್ರಶ್ನೆಗೆ ಮೊನೆಯಿಲ್ಲದೆ ಹೋದರೆ ರಾಮನ ಉತ್ತರಕ್ಕೆ ಬೆಳಕು ಬರುವುದಿಲ್ಲ. ಒಳ್ಳೆಯ ವಾಲಿ ಪ್ರಶ್ನೆಯನ್ನು ಬಿಗಿಯಾಗಿ ಕಟ್ಟುತ್ತಾನೆ, ಆದರೆ ಉತ್ತರಕ್ಕೆ ಒಂದು ಬಾಗಿಲು ತೆರೆದಿಡುತ್ತಾನೆ. ಒಳ್ಳೆಯ ರಾಮ ಆ ಬಾಗಿಲನ್ನು ಹುಡುಕಿ ಒಳಗೆ ಬರುತ್ತಾನೆ. ಮನೆಯಲ್ಲೇ ಬಾಯಿಪಾಠ ಮಾಡಿಕೊಂಡು ಬಂದ ರಾಮನಾದರೆ? ವಾಲಿ ಕೇಳಿದ್ದು ಒಂದು, ಇವನು ಹೇಳುವುದು ಇನ್ನೊಂದು. ಸಭೆಯಲ್ಲಿ ಕೂತ ಅಜ್ಜಂದಿರು ಚಾಪೆಯ ತುದಿ ಕೆರೆಯತೊಡಗುತ್ತಾರೆ. ಭಾಗವತರು ತಾಳ ಎತ್ತಿ ಮುಂದಿನ ಪದ್ಯ ಶುರು ಮಾಡಿಬಿಡುತ್ತಾರೆ.

ಎದುರಿನವರ ಮಾತನ್ನು ಎತ್ತಿಕೊಂಡೇ ನಮ್ಮ ಮಾತು ಹೊರಡಬೇಕು ಎಂಬುದು ಹೊಸ ವಿಚಾರವೇನಲ್ಲ. ನಮ್ಮ ಶಾಸ್ತ್ರಕಾರರು ಇದಕ್ಕೆ ಪೂರ್ವಪಕ್ಷ ಎಂಬ ಹೆಸರನ್ನೇ ಇಟ್ಟರು. ಎದುರು ಪಕ್ಷದ ವಾದವನ್ನು ಮೊದಲು ಸರಿಯಾಗಿ ನಿರೂಪಿಸು, ಆಮೇಲೆ ನಿನ್ನ ಸಿದ್ಧಾಂತ ಹೇಳು. ನ್ಯಾಯಸೂತ್ರವಂತೂ ಮಾತಿನ ಮಲ್ಲಯುದ್ಧವನ್ನು ಮೂರು ಬಗೆ ಮಾಡಿತು: ನಿಜ ತಿಳಿಯಲೆಂದು ಆಡುವುದು ವಾದ, ಹೇಗಾದರೂ ಗೆಲ್ಲಲೆಂದು ಆಡುವುದು ಜಲ್ಪ, ತನ್ನದೆಂಬ ಪಕ್ಷವೇ ಇಲ್ಲದೆ ಎದುರಿನದನ್ನು ಕೆಡವಲೆಂದೇ ಆಡುವುದು ವಿತಂಡ. ಈ ಮೂರರಲ್ಲಿ ವಾದ ನಮ್ಮ ದಿನದ ಮಾತಿನಲ್ಲಿ ಉಳಿಯಿತು, ವಿತಂಡವೂ ಉಳಿಯಿತು, ಜಲ್ಪ ಮಾತ್ರ ಪಂಡಿತರ ಪುಸ್ತಕದೊಳಗೆ ಸೇರಿಕೊಂಡಿತು. ಪದ ಹೋದರೂ ಕೆಲಸ ನಿಂತಿಲ್ಲ ಎಂಬುದು ಬೇರೆ ಮಾತು. ಯಾವ ಸಭೆಗೆ ಹೋದರೂ ಸಿಗುತ್ತದೆ.

ಸಭೆ ಎಂದಾಗ ನಮ್ಮ ತೋಡಿನ ಕಟ್ಟದ ಮೀಟಿಂಗು ನೆನಪಾಯಿತು. ಮಳೆ ಹೋಗಿ ತೋಡಿನ ಹರಿವು ಇಳಿಯುತ್ತಿದ್ದಂತೆ ಊರವರು ಸೇರಿ ಕಲ್ಲು, ಮಣ್ಣು ಹಾಕಿ ನೀರಿಗೆ ಕಟ್ಟ ಕಟ್ಟುತ್ತೇವೆ, ಬೇಸಗೆಯಲ್ಲಿ ತೋಟಗಳು ಬದುಕುವುದು ಅದರಿಂದ. ಒಂದು ವರ್ಷ ಎರಡು ದಂಡೆಯವರಿಗೂ ಮಾತಿಗೆ ಮಾತು ಬೆಳೆದು, ಕಟ್ಟವೇ ಬೇಡ ಎನ್ನುವಲ್ಲಿಗೆ ಬಂತು. ಎರಡು ಗಂಟೆ ಹೊತ್ತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರ ಮಾತು. ಅಷ್ಟು ಹೊತ್ತೂ ಮೂಲೆಯಲ್ಲಿ ಕೂತು ಕೇಳುತ್ತಿದ್ದ ಹಿರಿಯರೊಬ್ಬರು ಕೊನೆಗೆ ಎದ್ದರು. ಹೊಸದಾಗಿ ಏನನ್ನೂ ಹೇಳಲಿಲ್ಲ. “ನೀವು ಹೇಳಿದ್ದು ಆಳು ಸಾಕಾಗುವುದಿಲ್ಲ ಅಂತ, ಅಲ್ಲವೋ? ನೀವು ಹೇಳಿದ್ದು ಕಳೆದ ವರ್ಷ ನೀರು ನಿಮ್ಮ ಬದಿಗೆ ಏರಲಿಲ್ಲ ಅಂತ. ಕಟ್ಟ ಬೇಡ ಅಂತ ಯಾರೂ ಹೇಳಲಿಲ್ಲ ನೋಡಿ” ಎಂದು ಒಬ್ಬೊಬ್ಬರ ಮಾತನ್ನೂ ಅವರವರಿಗೇ ತಿರುಗಿ ಕೊಟ್ಟರು. ತನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೆಡದೆ ಉಳಿದದ್ದನ್ನು ಕೇಳಿದವರಿಗೆ ಸಿಟ್ಟು ಎಲ್ಲಿ ನಿಂತೀತು? ಆಳಿನ ಸಮಸ್ಯೆ, ನೀರಿನ ಸಮಸ್ಯೆ ಎಂದು ಗಂಟು ಎರಡಾಯಿತು. ಎರಡು ಗಂಟನ್ನು ಬಿಡಿಸುವುದು ದೊಡ್ಡದಲ್ಲ. ಮುಂದಿನ ಆದಿತ್ಯವಾರ ಕಟ್ಟ ಎದ್ದಿತು.

“ಹಾಗಾದರೆ ಎದುರು ಮಾತಾಡಲೇಬಾರದೋ ಮಾವ?” ಎಂದಳು ಸೊಸೆ. ಛೆ, ಹಾಗಲ್ಲ. ಎದುರು ಮಾತಾಡುವವರು ಇಲ್ಲದ ಸಭೆ ಉಪ್ಪಿಲ್ಲದ ಗಂಜಿ. ಅವಳಿಗೆ ಹರಿ ವಿಷ್ಣು ಕಾಮತರ ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. ಮಂಗಳೂರಿನಲ್ಲಿ ಹುಟ್ಟಿದವರು, ಸಂವಿಧಾನ ಸಭೆಗೆ ಹೋದದ್ದು ಮಧ್ಯಪ್ರಾಂತ್ಯದಿಂದ. ಆ ಸಭೆ 1946ರ ಡಿಸೆಂಬರ್ 9ರಂದು ಮೊದಲ ಸಲ ಕೂತಿತು, ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಹತ್ತಿರ ಹತ್ತಿರ ಮೂರು ವರ್ಷದ ಮಾತುಕತೆ! ಕರಡಿಗೆ ಬಂದ ತಿದ್ದುಪಡಿಯ ಸೂಚನೆಗಳು 7,635ರಷ್ಟು, ಅದರಲ್ಲಿ ಸಭೆಯ ಮುಂದೆ ಮಂಡನೆಯಾದವು 2,473. ಕಾಮತರು ಏಳದ ದಿನ ಕಡಿಮೆ. 1949ರ ಅಕ್ಟೋಬರ್ 17ರಂದು, ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಬೇಕು ಎಂದು ತಿದ್ದುಪಡಿ ತಂದರು. ದೇವರ ವಿಷಯವನ್ನು ಮತಕ್ಕೆ ಹಾಕಬೇಡಿ ಎಂದು ಬೇಡಿಕೊಂಡವರೂ ಇದ್ದರು. ಮತಕ್ಕೆ ಹಾಕಿದರು, ಪರವಾಗಿ 41, ವಿರುದ್ಧ 68. ಕಾಮತರು ಸೋತರು.

ನನಗೆ ಮುಖ್ಯವಾದದ್ದು ಆಮೇಲಿನದು. ನವೆಂಬರ್ 25ರಂದು ಅಂಬೇಡ್ಕರರು ಆ ಸಭೆಯಲ್ಲಿ ತಮ್ಮ ಕೊನೆಯ ದೊಡ್ಡ ಭಾಷಣ ಮಾಡಿದರು. ಅದರಲ್ಲಿ ಕರಡಿನ ಕೆಲಸಕ್ಕಾಗಿ ನಮ್ಮ ಕಡೆಯವರೇ ಆದ ಬೆನಗಲ್ ನರಸಿಂಗ ರಾಯರಿಗೆ ಕೃತಜ್ಞತೆ ಹೇಳಿದ್ದು ಸಹಜವೇ. ಆದರೆ ಪಕ್ಷದ ಶಿಸ್ತಿಗೆ ಬಗ್ಗದೆ ಮತ್ತೆ ಮತ್ತೆ ಎದ್ದು ನಿಂತ ಕಾಮತರನ್ನೂ ಅವರಂಥ ಇತರರನ್ನೂ ಹೆಸರು ಹಿಡಿದು ನೆನೆದರು. ಅವರು ಎತ್ತಿದ ಪ್ರಶ್ನೆಗಳಿಂದಲೇ ಸಂವಿಧಾನದ ಒಳಗಿನ ತತ್ವಗಳನ್ನು ಬಿಡಿಸಿ ಹೇಳುವ ಅವಕಾಶ ತಮಗೆ ಸಿಕ್ಕಿತು ಎಂದರು. ವಾಲಿ ಕೇಳಿದ್ದರಿಂದ ರಾಮ ಹೇಳುವಂತಾಯಿತು ಎನ್ನುವ ಹಾಗೆ! ನೂರಾರು ಸಲ ಎದ್ದು ತಡೆದವನಿಗೆ, ಎಲ್ಲರೂ ಕೇಳುವ ಹಾಗೆ, ನಿನ್ನಿಂದ ಈ ಕೆಲಸ ಚಂದವಾಯಿತು ಎನ್ನುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು! ಇದನ್ನು ಹೇಳುವಾಗ ನನ್ನ ಗಂಟಲು ಪ್ರತಿ ಸಲವೂ ಕಟ್ಟುತ್ತದೆ.

ಇಷ್ಟು ಹೊತ್ತಿಗೆ ಮಳೆ ಒಂದು ಗಳಿಗೆ ಬಿಟ್ಟಿತು. ಆಚೆಮನೆ ಭಾವ ಗೊರಬೆ ಹೊದ್ದು ಬಂದರು, ಅವರ ಹಿಂದೆ ಅವರ ಮಗ. ಆಟಿಯಲ್ಲಿ ಅಡಿಕೆ ಬೆಳೆಯುವವರು ಇಬ್ಬರು ಸೇರಿದರೆ ಮಾತು ಯಾವುದಕ್ಕೆ ಹೋಗುತ್ತದೆ? ಕೊಳೆರೋಗಕ್ಕೆ. ಮೈಲುತುತ್ತು, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಬಿಟ್ಟದ್ದು ಮಳೆಗೆ ಮೊದಲು. ಈ ಮಳೆಗೆ ಅದು ನಿಂತಿದೆಯೋ ತೊಳೆದುಹೋಗಿದೆಯೋ? ಎರಡನೆಯ ಸಲ ಬಿಡಲು ಬಿಸಿಲು ಕಾಯಬೇಕೋ ಬೇಡವೋ? ಭಾವ ಒಂದು ಹೇಳಿದರು, ಅವರ ಮಗ ಇನ್ನೊಂದು, ನಾನು ಮತ್ತೊಂದು. ನನ್ನ ಹೆಂಡತಿ ಚಾ ತಂದಿಟ್ಟು “ಕೆಳಗಿನ ತೋಟದಲ್ಲಿ ನಿನ್ನೆ…” ಎಂದು ಶುರು ಮಾಡಿದಳು. ಅಷ್ಟರಲ್ಲಿ ಭಾವನಿಗೆ ಏನೋ ಹಳೆಯ ವರ್ಷದ ಮಳೆ ನೆನಪಾಗಿ ಮಾತು ಆ ಕಡೆ ಓಡಿತು.

ಸೊಸೆ ಅಷ್ಟು ಹೊತ್ತೂ ಕಂಬಕ್ಕೆ ಒರಗಿ ಕೂತಿದ್ದಳು. ಮೆಲ್ಲ ಕೈ ಚಾಚಿ ಎಲೆಯಡಿಕೆಯ ಹರಿವಾಣವನ್ನು ಭಾವನ ಮುಂದೆ ಸರಿಸಿದಳು. ಅವರು ಎಲೆಯ ತೊಟ್ಟು ಮುರಿಯುತ್ತಿದ್ದಂತೆ, “ಅತ್ತೆ, ಆಗ ಕೆಳಗಿನ ತೋಟದ್ದು ಏನೋ ಹೇಳಲಿಕ್ಕೆ ಹೊರಟಿದ್ದಿರಲ್ಲ?” ಎಂದಳು.

“ನಿನ್ನೆ ಎರಡು ಬುಟ್ಟಿ ಉದುರಡಿಕೆ ಹೆಕ್ಕಿದ್ದೇನೆ. ತೊಟ್ಟಿನ ಹತ್ತಿರ ನೀರು ಕುಡಿದ ಹಾಗೆ ಕಪ್ಪಾಗಿದೆ” ಎಂದಳು ನನ್ನ ಹೆಂಡತಿ.

ಮಳೆ ನಿಂತಿತ್ತು. ನಾವು ನಾಲ್ವರೂ ಎದ್ದು ಅವಳ ಹಿಂದೆ ಕೆಳಗಿನ ತೋಟಕ್ಕೆ ಇಳಿದೆವು.